ಡಿಸ್ಕ್ ಉಬ್ಬಿದೆ, ಸವೆದಿದೆ ಎಂದರೆ ಬೆನ್ನಿನೊಳಗೆ ಆಗಿರುವುದೇನು?

'ಎಲ್‌4–ಎಲ್‌5 ಹಂತದಲ್ಲಿ ಡಿಫ್ಯೂಸ್ ಡಿಸ್ಕ್ ಬಲ್ಜ್. ಎಲ್‌5–ಎಸ್‌1 ಹಂತದಲ್ಲಿ ಡಿಸ್ಕ್ ಡೆಸಿಕೇಶನ್ ಹಾಗೂ ಪ್ರೊಟ್ರೂಷನ್. ಥೀಕಲ್ ಸ್ಯಾಕ್ ಮೇಲೆ ಇಂಡೆಂಟೇಷನ್.' ಸೊಂಟನೋವಿಗೆಂದು ಎಂಆರ್‌ಐ ಮಾಡಿಸಿಕೊಂಡವರ ವರದಿಯಲ್ಲಿ ಇಂಥ ಒಂದೆರಡು ಸಾಲು ಇಲ್ಲದಿರುವುದೇ ಅಪರೂಪ. ಒಂದು ಕಾಲಕ್ಕೆ ದೊಡ್ಡ ನಗರಗಳಿಗೆ ಮಾತ್ರ ಸೀಮಿತವಾಗಿದ್ದ ಈ ಸ್ಕ್ಯಾನ್ ಈಗ ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತದೆ. ವರದಿಯು ವೈದ್ಯರ ಮೇಜಿಗೆ ಹೋಗುವ ಮೊದಲೇ ರೋಗಿಯ ಮೊಬೈಲಿಗೆ ಬರುತ್ತದೆ, ಅಲ್ಲಿಂದ ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ದಾಟುತ್ತದೆ. ವೈದ್ಯರನ್ನು ಕಾಣುವಷ್ಟರಲ್ಲಿ 'ಗ್ಯಾಪ್ ಬಂದಿದೆಯಂತೆ', 'ನರ ಒತ್ತಿದೆಯಂತೆ', 'ಆಪರೇಷನ್ ಮಾಡಿಸದಿದ್ದರೆ ಕಾಲೇ ಹೋಗುತ್ತದಂತೆ' ಎಂದು ನಾಲ್ಕು ಕಡೆಯಿಂದ ತೀರ್ಪು ಹೊರಬಿದ್ದಿರುತ್ತದೆ.

ವರದಿಯಲ್ಲಿರುವುದು ಸುಳ್ಳಲ್ಲ. ಚಿತ್ರದಲ್ಲಿ ಕಂಡದ್ದನ್ನು ಅದು ಇದ್ದ ಹಾಗೆ ಬರೆಯುತ್ತದೆ. ಆದರೆ ಚಿತ್ರದಲ್ಲಿ ಕಾಣುವುದೆಲ್ಲ ನೋಯುವುದಿಲ್ಲ, ನೋಯುವುದೆಲ್ಲ ಚಿತ್ರದಲ್ಲಿ ಕಾಣುವುದಿಲ್ಲ. ಇದು ಹೇಗೆ ಸಾಧ್ಯ ಎಂದು ತಿಳಿಯಬೇಕಾದರೆ ಮೊದಲು ಡಿಸ್ಕ್ ಎಂದರೇನು, ಅದು ಬದುಕುವುದು ಹೇಗೆ ಎಂಬುದನ್ನು ನೋಡಬೇಕು.

ಮೂಳೆಗಳ ನಡುವೆ ಇರುವುದು

ಬೆನ್ನೆಲುಬಿನ ಒಂದೊಂದು ಮೂಳೆಗೂ ಕಶೇರುಮಣಿ ಎಂದು ಹೆಸರು. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಹೀಗೆ ಅಲುಗಾಡುವ ಮೂಳೆಗಳು ಒಟ್ಟು 24. ಇವುಗಳ ಕೆಳಗೆ ಒಂದಕ್ಕೊಂದು ಬೆಸೆದುಕೊಂಡ ತ್ರಿಕಾಸ್ಥಿ, ಅದರ ತುದಿಯಲ್ಲಿ ಬಾಲದ ಮೂಳೆ. ವರದಿಯಲ್ಲಿ ಬರುವ ಸಿ ಎಂಬುದು ಕುತ್ತಿಗೆಯ ಗುರುತು, ಡಿ ಅಥವಾ ಟಿ ಎದೆಯದು, ಎಲ್ ಸೊಂಟದ್ದು, ಎಸ್ ತ್ರಿಕಾಸ್ಥಿಯದು. ಪಕ್ಕದ ಅಂಕೆ ಮೇಲಿನಿಂದ ಎಷ್ಟನೆಯದು ಎಂದು ಹೇಳುತ್ತದೆ. ಎಲ್‌4–ಎಲ್‌5 ಎಂದರೆ ಸೊಂಟದ ನಾಲ್ಕನೆಯ ಮತ್ತು ಐದನೆಯ ಮೂಳೆಗಳ ನಡುವಿನ ಜಾಗ.

ಆ ಜಾಗದಲ್ಲಿ ಕೂತಿರುವುದೇ ಡಿಸ್ಕ್. ನಮ್ಮಲ್ಲಿ ಇಂಥ 23 ಡಿಸ್ಕ್‌ಗಳಿವೆ. ಕುತ್ತಿಗೆಯ ಮೊದಲೆರಡು ಮೂಳೆಗಳ ನಡುವೆ ಮಾತ್ರ ಇಲ್ಲ. ಬೆನ್ನೆಲುಬಿನ ಒಟ್ಟು ಉದ್ದದ ಸುಮಾರು ಕಾಲು ಭಾಗ ಡಿಸ್ಕ್‌ಗಳದ್ದೇ. ಬಗ್ಗುವುದು, ತಿರುಗುವುದು, ವಾಲುವುದು ಸಾಧ್ಯವಾಗುವುದು ಇವುಗಳಿಂದ.

ಡಿಸ್ಕಿನ ರಚನೆಯನ್ನು ಹೋಳಿಗೆಗೆ ಹೋಲಿಸಬಹುದು. ಹೊರಗೆ ಕಣಕ, ಒಳಗೆ ಹೂರಣ. ಕಣಕದ ಜಾಗದಲ್ಲಿರುವುದು ಗಟ್ಟಿ ನಾರುಗಳ ಉಂಗುರ. ಹದಿನೈದರಿಂದ ಇಪ್ಪತ್ತೈದು ಪದರಗಳು; ಒಂದು ಪದರದ ನಾರು ಒಂದು ದಿಕ್ಕಿಗೆ ಓರೆಯಾಗಿದ್ದರೆ ಮುಂದಿನ ಪದರದ್ದು ಅದಕ್ಕೆ ಎದುರು ದಿಕ್ಕಿಗೆ. ಯಾವ ಕಡೆಗೆ ತಿರುಗಿದರೂ ಅರ್ಧದಷ್ಟು ಪದರಗಳು ಬಿಗಿದು ಹಿಡಿಯುತ್ತವೆ. ಹೂರಣದ ಜಾಗದಲ್ಲಿರುವುದು ನೀರು ತುಂಬಿದ, ಅಂಟಂಟಾದ ತಿರುಳು. ಮೇಲಿಂದ ಭಾರ ಬಿದ್ದಾಗ ತಿರುಳು ಎಲ್ಲ ದಿಕ್ಕಿಗೂ ಸಮನಾಗಿ ಒತ್ತುತ್ತದೆ, ಉಂಗುರ ಅದನ್ನು ತಡೆದು ಹಿಡಿಯುತ್ತದೆ. ಡಿಸ್ಕಿನ ಮೇಲೆ ಮತ್ತು ಕೆಳಗೆ ಮೃದ್ವಸ್ಥಿಯ ತೆಳು ತಟ್ಟೆಗಳಿವೆ. ಇವು ಡಿಸ್ಕನ್ನು ಮೂಳೆಗೆ ಭದ್ರವಾಗಿ ಬೆಸೆದಿರುವುದರಿಂದ ಡಿಸ್ಕ್ ಎಲ್ಲಿಗೂ ಜಾರಿ ಹೋಗುವುದಿಲ್ಲ, ಕೈಯಿಂದ ಒತ್ತಿ ಸ್ವಸ್ಥಾನಕ್ಕೆ ತಳ್ಳುವ ಪ್ರಶ್ನೆಯೂ ಬರುವುದಿಲ್ಲ. ಊರೂರಿನಲ್ಲಿ 'ಡಿಸ್ಕ್ ಕೂರಿಸುವ' ಪ್ರವೀಣರಿದ್ದಾರೆ. ಅವರ ಕೈಗೆ ಸಿಗುವುದು ಚರ್ಮ ಮತ್ತು ಸ್ನಾಯು ಮಾತ್ರ.

ರಕ್ತ ಹರಿಯದ ಅಂಗ

ವಯಸ್ಕರ ದೇಹದಲ್ಲಿ ರಕ್ತನಾಳಗಳೇ ಇಲ್ಲದ ಅತಿ ದೊಡ್ಡ ಭಾಗ ಡಿಸ್ಕ್. ಹೊರ ಅಂಚಿನಲ್ಲಷ್ಟೇ ಸ್ವಲ್ಪ ರಕ್ತಸಂಚಾರ. ಒಳಗಿನ ಜೀವಕೋಶಗಳಿಗೆ ಆಮ್ಲಜನಕ, ಸಕ್ಕರೆ ತಲುಪುವುದು ಮೇಲೆ ಕೆಳಗಿನ ತಟ್ಟೆಗಳ ಮೂಲಕ ನಿಧಾನವಾಗಿ ಒಸರಿ. ಕಸ ಹೊರಹೋಗುವುದೂ ಅದೇ ದಾರಿಯಲ್ಲಿ. ಇಷ್ಟು ಬಡತನದಲ್ಲಿ ಬದುಕುವ ಜೀವಕೋಶಗಳಿಗೆ ಹರಿದುದನ್ನು ಬೇಗ ಹೊಲಿದುಕೊಳ್ಳುವ ಶಕ್ತಿ ಇಲ್ಲ. ಚರ್ಮದ ಗಾಯ ವಾರದಲ್ಲಿ ಮಾಯುತ್ತದೆ, ಮುರಿದ ಮೂಳೆ ತಿಂಗಳುಗಳಲ್ಲಿ ಕೂಡುತ್ತದೆ, ಡಿಸ್ಕಿನ ಉಂಗುರ ಬಿರಿದರೆ ಗುಣವಾಗುವುದು ಅದಕ್ಕಿಂತ ಎಷ್ಟೋ ನಿಧಾನ.

ತಿರುಳಿನಲ್ಲಿ ನೀರನ್ನು ಹಿಡಿದಿಡುವುದು ಅಗ್ರಿಕನ್ ಎಂಬ ದೊಡ್ಡ ಅಣು. ಹಗಲಿಡೀ ನಿಂತು ಕೂತು ಓಡಾಡುವಾಗ ಭಾರಕ್ಕೆ ಸಿಕ್ಕಿ ಸ್ವಲ್ಪ ನೀರು ಹೊರಹೋಗುತ್ತದೆ. ರಾತ್ರಿ ಮಲಗಿದಾಗ ಅಗ್ರಿಕನ್ ಅದನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಹೀಗಾಗಿ ಬೆಳಿಗ್ಗೆ ಎದ್ದಾಗ ನಾವು ರಾತ್ರಿಗಿಂತ ಒಂದರಿಂದ ಎರಡು ಸೆಂಟಿಮೀಟರ್ ಎತ್ತರವಿರುತ್ತೇವೆ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಎತ್ತರ ಶೇ 3ರವರೆಗೂ ಹೆಚ್ಚುತ್ತದೆ. ಭೂಮಿಗೆ ಮರಳಿದ ಬಳಿಕ ಅವರಲ್ಲಿ ಡಿಸ್ಕ್ ಹೊರಚಾಚುವ ಪ್ರಮಾಣ ಉಳಿದವರಿಗಿಂತ ಹೆಚ್ಚು ಎಂಬುದೂ ಕಂಡುಬಂದಿದೆ. ನೀರು ಕುಡಿದು ಬಿಗಿದ ಡಿಸ್ಕ್ ಬಗ್ಗುವಿಕೆಯನ್ನು ಸುಲಭವಾಗಿ ಸಹಿಸುವುದಿಲ್ಲ. ಎದ್ದ ಕೂಡಲೇ ಸೊಂಟ ಬಗ್ಗಿಸಿ ಅಂಗಳ ಗುಡಿಸುವುದು, ಬಾವಿಯಿಂದ ನೀರು ಸೇದುವುದು ಕೆಲವರಿಗೆ ಮಧ್ಯಾಹ್ನದ ಕೆಲಸಕ್ಕಿಂತ ಹೆಚ್ಚು ನೋವು ಕೊಡುವುದಕ್ಕೆ ಇದೂ ಒಂದು ಕಾರಣ.

ಡಿಸ್ಕಿನ ಮುಪ್ಪು ನಾವು ಎಣಿಸುವುದಕ್ಕಿಂತ ಬಹಳ ಬೇಗ ಆರಂಭವಾಗುತ್ತದೆ. ಮಗುವಾಗಿದ್ದಾಗ ತಟ್ಟೆಗಳಲ್ಲಿದ್ದ ರಕ್ತನಾಳಗಳು ಹತ್ತು ಹದಿನೈದು ವರ್ಷದೊಳಗೆ ಮರೆಯಾಗುತ್ತವೆ. ಸವೆತದ ಮೊದಲ ಸುಳಿವುಗಳನ್ನು ಹದಿಹರೆಯದವರ ಡಿಸ್ಕಿನಲ್ಲೇ ಸೂಕ್ಷ್ಮದರ್ಶಕದಡಿ ಕಂಡಿದ್ದಾರೆ. ಆಮೇಲೆ ಅಗ್ರಿಕನ್ ಒಡೆಯುತ್ತಾ ಹೋಗುತ್ತದೆ, ನೀರು ಕಡಿಮೆಯಾಗುತ್ತದೆ, ತಿರುಳು ನಾರುನಾರಾಗುತ್ತದೆ, ಡಿಸ್ಕಿನ ಎತ್ತರ ತಗ್ಗುತ್ತದೆ. ಜನ 'ಗ್ಯಾಪ್ ಬಂದಿದೆ' ಎನ್ನುವಾಗ ನಿಜವಾಗಿ ಆಗಿರುವುದು ಇದು, ಎಂದರೆ ಮೂಳೆಗಳ ನಡುವಿನ ಅಂತರ ಹೆಚ್ಚಿಲ್ಲ, ಇಳಿದಿದೆ. ಎಂಆರ್‌ಐನ ಒಂದು ಬಗೆಯ ಚಿತ್ರದಲ್ಲಿ ನೀರು ಬೆಳ್ಳಗೆ ಕಾಣುತ್ತದೆ. ನೀರು ತುಂಬಿದ ಎಳೆಯ ಡಿಸ್ಕ್ ಬೆಳ್ಳಗೆ, ಒಣಗಿದ ಡಿಸ್ಕ್ ಕಪ್ಪಗೆ. ಆ ಕಪ್ಪು ಬಣ್ಣಕ್ಕೆ ವರದಿಯಲ್ಲಿ ಡೆಸಿಕೇಶನ್ ಎನ್ನುತ್ತಾರೆ. ಒಟ್ಟಾರೆ ಸವೆತಕ್ಕೆ ಡಿಜೆನರೇಶನ್.

ಉಬ್ಬಿನಿಂದ ತುಂಡಿನವರೆಗೆ

ವರದಿಯ ಉಳಿದ ಪದಗಳಿಗೆ ನಿಗದಿತ ಅರ್ಥಗಳಿವೆ. ಡಿಸ್ಕ್ ತನ್ನ ಸುತ್ತಳತೆಯ ಕಾಲು ಭಾಗಕ್ಕಿಂತ ಹೆಚ್ಚು ಕಡೆ ಮೂಳೆಯ ಅಂಚನ್ನು ದಾಟಿ ಸ್ವಲ್ಪ ಹೊರಗೆ ಬಂದಿದ್ದರೆ ಅದು ಬಲ್ಜ್. ತಟ್ಟಿದ ಹೋಳಿಗೆಯ ಅಂಚು ಕಾವಲಿಯಾಚೆ ಇಣುಕಿದಂತೆ. ಕಣಕ ಎಲ್ಲೂ ಹರಿದಿಲ್ಲ. ಡಿಫ್ಯೂಸ್ ಎಂದರೆ ಈ ಉಬ್ಬು ಸುತ್ತಲೂ ಹರಡಿದೆ ಎಂದಷ್ಟೇ ಅರ್ಥ, ಹೆಚ್ಚು ಅಪಾಯಕಾರಿ ಎಂದಲ್ಲ.

ಒಂದು ಕಡೆ ಕಣಕ ತೆಳುವಾಗಿ, ಹೂರಣ ಅಲ್ಲಿಗೆ ನುಗ್ಗಿ ಗುಬುಟಾಗಿದ್ದರೆ ಪ್ರೊಟ್ರೂಷನ್. ಗುಬುಟಿನ ಬುಡ ಅಗಲ, ತುದಿ ಕಿರಿದು. ಕಣಕ ಬಿರಿದು ಹೂರಣವೇ ಹೊರಬಂದು, ಹೊರಗಿನ ಭಾಗ ಬುಡಕ್ಕಿಂತ ಅಗಲವಾಗಿದ್ದರೆ ಎಕ್ಸ್‌ಟ್ರೂಷನ್. ಆ ತುಣುಕು ಕಡಿದುಕೊಂಡು ನರನಾಳದೊಳಗೆ, ಎಂದರೆ ಬೆನ್ನೆಲುಬಿನೊಳಗೆ ನರಗಳು ಸಾಗುವ ಕೊಳವೆಯೊಳಗೆ, ಬೇರೆಯೇ ಬಿದ್ದಿದ್ದರೆ ಸೀಕ್ವೆಸ್ಟ್ರೇಶನ್. ಕೊನೆಯ ಮೂರಕ್ಕೂ ಸೇರಿ ಹರ್ನಿಯೇಶನ್ ಎಂಬ ಹೆಸರಿದೆ. ಬಲ್ಜ್ ಅದರೊಳಗೆ ಬರುವುದಿಲ್ಲ. ಆನ್ಯುಲರ್ ಟೇರ್ ಅಥವಾ ಫಿಶರ್ ಎಂದರೆ ಉಂಗುರದಲ್ಲಿ ಬಿರುಕು. ಥೀಕಲ್ ಸ್ಯಾಕ್ ಎಂಬುದು ನರಗಳನ್ನು ಸುತ್ತುವರಿದ, ದ್ರವ ತುಂಬಿದ ಚೀಲ. ಡಿಸ್ಕ್ ಅದರ ಮೇಲೆ ಸ್ವಲ್ಪ ತಗ್ಗು ಮಾಡಿದ್ದರೆ ಇಂಡೆಂಟೇಷನ್. ಚೀಲದಲ್ಲಿ ನರಗಳಿಗೆ ಸರಿದುಕೊಳ್ಳಲು ಜಾಗವಿರುತ್ತದೆ, ಹಾಗಾಗಿ ತಗ್ಗು ಬಿದ್ದ ಮಾತ್ರಕ್ಕೆ ನರ ನಜ್ಜುಗುಜ್ಜಾಗಿದೆ ಎಂದು ಭಾವಿಸಬೇಕಿಲ್ಲ. 'ಸೊಂಟದ ಸಹಜ ಬಾಗು ನೇರವಾಗಿದೆ' ಎಂಬ ಅರ್ಥದ ಸಾಲು ಬಹುತೇಕ ವರದಿಗಳಲ್ಲಿರುತ್ತದೆ. ನೋವಿಗೆ ಸ್ನಾಯು ಬಿಗಿದಿದ್ದರೂ ಹಾಗೆ ಕಾಣಬಹುದು.

ತಿರುಳು ಹೊರಚಾಚುವುದು ಹೆಚ್ಚಾಗಿ ಹಿಂದಕ್ಕೆ, ಅದೂ ಸ್ವಲ್ಪ ಪಕ್ಕಕ್ಕೆ. ಡಿಸ್ಕಿನ ಬೆನ್ನಿಗೆ ಉದ್ದಕ್ಕೂ ಒಂದು ಗಟ್ಟಿ ಪಟ್ಟಿ ಇದೆ. ಸೊಂಟದ ಭಾಗದಲ್ಲಿ ಆ ಪಟ್ಟಿ ಕಿರಿದಾಗಿ ನಡುವನ್ನು ಮಾತ್ರ ಕಾಯುತ್ತದೆ, ಎಡಬಲ ಬಯಲು. ದುರದೃಷ್ಟಕ್ಕೆ ನರದ ಬೇರುಗಳು ಹಾದುಹೋಗುವುದೂ ಅಲ್ಲೇ. ಸೊಂಟದ ಹರ್ನಿಯೇಶನ್‌ಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಾಣಿಸುವುದು ಕೊನೆಯ ಎರಡು ಡಿಸ್ಕ್‌ಗಳಾದ ಎಲ್‌4–ಎಲ್‌5 ಮತ್ತು ಎಲ್‌5–ಎಸ್‌1ರಲ್ಲಿ. ಮೈಯ ಭಾರ ಹೆಚ್ಚು ಬೀಳುವುದು, ಬಗ್ಗುವಾಗ ಹೆಚ್ಚು ಮಡಚಿಕೊಳ್ಳುವುದು ಇವೇ. ಪಕ್ಕೆಲುಬುಗಳು ಬಿಗಿದು ಹಿಡಿದಿರುವ ಎದೆಯ ಭಾಗದಲ್ಲಿ ಈ ತೊಂದರೆ ಅಪರೂಪ.

ಸೊಂಟದ ತೊಂದರೆಗೆ ಕಾಲೇಕೆ ನೋಯುತ್ತದೆ

ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಹತ್ತಿರ ಮುಗಿಯುತ್ತದೆ. ಅದರಿಂದ ಕೆಳಗೆ ಇರುವುದು ನರದ ಬೇರುಗಳ ಗೊಂಚಲು. ಅವುಗಳಲ್ಲಿ ಕೆಲವು ಒಟ್ಟುಗೂಡಿ ಪೃಷ್ಠದ ಮೂಲಕ ಕಾಲಿಗಿಳಿಯುವ ಸಯಾಟಿಕ್ ನರವಾಗುತ್ತದೆ. ಬೇರಿಗೆ ಬುಡದಲ್ಲಿ ತೊಂದರೆಯಾದರೂ ಮಿದುಳಿಗೆ ಅದು ತಿಳಿಯುವುದು ಆ ನರ ಸುದ್ದಿ ತರುವ ಜಾಗದ ನೋವಾಗಿ. ಹಾಗಾಗಿ ಪೃಷ್ಠದಿಂದ ತೊಡೆ, ಮೀನಖಂಡ, ಪಾದದವರೆಗೆ ಸೆಳೆತ, ಜುಮ್ಮೆನ್ನುವಿಕೆ, ಮರಗಟ್ಟುವಿಕೆ. ಇದೇ ಸಯಾಟಿಕಾ. ಆಯುರ್ವೇದದಲ್ಲಿ ಗೃಧ್ರಸಿ ಎಂದು ವರ್ಣಿಸಿರುವುದು ಇದನ್ನು ಬಹಳ ಹೋಲುತ್ತದೆ.

ಯಾವ ಬೇರು ಎಂಬುದನ್ನು ವೈದ್ಯರು ಸ್ಕ್ಯಾನ್ ಇಲ್ಲದೆಯೇ ಬಹುಮಟ್ಟಿಗೆ ಊಹಿಸಬಲ್ಲರು. ಕಾಲಿನ ಹೆಬ್ಬೆರಳನ್ನು ಮೇಲೆತ್ತುವ ಬಲ ಕಡಿಮೆಯಾಗಿದ್ದರೆ ಎಲ್‌5 ಬೇರು. ತುದಿಗಾಲಲ್ಲಿ ನಿಲ್ಲಲಾಗದಿದ್ದರೆ, ಹಿಮ್ಮಡಿಯ ಮೇಲೆ ಸುತ್ತಿಗೆ ತಟ್ಟಿದಾಗ ಪಾದ ಮಿಡಿಯದಿದ್ದರೆ ಎಸ್‌1. ಮಲಗಿಸಿ ಕಾಲನ್ನು ನೇರವಾಗಿ ಮೇಲೆತ್ತಿದಾಗ ಮೊಣಕಾಲಿನ ಕೆಳಗಿನವರೆಗೆ ನೋವು ಹರಿದರೆ ಬೇರಿಗೆ ಕೆರಳಿಕೆ ಇದೆ ಎಂದರ್ಥ. ಮಂಚದ ಮೇಲಿನ ಈ ಐದು ನಿಮಿಷದ ಪರೀಕ್ಷೆ ಮತ್ತು ಚಿತ್ರ ಎರಡೂ ಒಂದೇ ಬೇರನ್ನು ತೋರಿಸಿದರೆ ಮಾತ್ರ ವರದಿಗೆ ತೂಕ. ಬಲಗಾಲು ನೋಯುತ್ತಿದ್ದು ಚಿತ್ರದಲ್ಲಿ ಉಬ್ಬು ಎಡಕ್ಕಿದ್ದರೆ ಆ ಉಬ್ಬು ಬಹುಶಃ ನಿರಪರಾಧಿ.

ನೋವು ಒತ್ತಡದಿಂದ ಮಾತ್ರ ಬರುವುದಲ್ಲ. 1993ರಲ್ಲಿ ಸ್ವೀಡನ್ನಿನ ಸಂಶೋಧಕರು ಹಂದಿಗಳ ನರದ ಬೇರಿನ ಮೇಲೆ ಅವುಗಳದೇ ಡಿಸ್ಕಿನ ತಿರುಳನ್ನು ಒತ್ತಡವಿಲ್ಲದೆ ಸುಮ್ಮನೆ ಇಟ್ಟು ನೋಡಿದರು. ಅಷ್ಟಕ್ಕೇ ನರದ ಸಂದೇಶದ ವೇಗ ಕುಂದಿತು. ತಿರುಳಿನಲ್ಲಿ ಉರಿಯೂತ ಎಬ್ಬಿಸುವ ರಾಸಾಯನಿಕಗಳಿವೆ. ಒತ್ತಿದ ಆರೋಗ್ಯವಂತ ನರ ಮರಗಟ್ಟುತ್ತದೆ, ಉರಿಯೂತವಿರುವ ನರವನ್ನು ಒತ್ತಿದರೆ ಜೀವ ಹೋಗುವಷ್ಟು ನೋಯುತ್ತದೆ. ಉಬ್ಬಿನ ಗಾತ್ರ ಒಂದಿಷ್ಟೂ ಬದಲಾಗದೆ ನೋವು ಮಾತ್ರ ಇಳಿದುಹೋಗುವುದರ ಗುಟ್ಟು ಇದೇ: ಉರಿಯೂತ ಶಮನವಾಗಿರುತ್ತದೆ.

ಕಾಲಿಗೆ ಇಳಿಯದೆ ಸೊಂಟದಲ್ಲೇ ಉಳಿಯುವ ನೋವಿನ ಕಥೆ ಇಷ್ಟು ಸ್ಪಷ್ಟವಾಗಿಲ್ಲ. ಉಂಗುರದ ಹೊರ ಪದರಗಳಲ್ಲಿ ಮಾತ್ರ ನೋವಿನ ನರಗಳಿರುತ್ತವೆ. ಸವೆದ ಡಿಸ್ಕಿನಲ್ಲಿ ಬಿರುಕುಗಳ ಮೂಲಕ ನರದ ಎಳೆಗಳು ಒಳಕ್ಕೂ ಬೆಳೆದಿರುವುದು ಕಂಡುಬಂದಿದೆ, ಹಾಗಾಗಿ ಡಿಸ್ಕ್ ತಾನೇ ನೋಯುವುದುಂಟು. ಆದರೆ ಸ್ನಾಯು, ಹಿಂಬದಿಯ ಸಣ್ಣ ಕೀಲುಗಳು, ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟುಗಳು ಎಲ್ಲವೂ ಇದೇ ಜಾಗದಲ್ಲಿ ನೋಯಬಲ್ಲವು. ಬರಿಯ ಸೊಂಟನೋವಿಗೆ ಇಂಥದ್ದೇ ಡಿಸ್ಕ್ ಕಾರಣ ಎಂದು ಬೆರಳು ತೋರಿಸುವುದು ಹೆಚ್ಚಿನ ಸಲ ಸಾಧ್ಯವಾಗುವುದಿಲ್ಲ.

ನೋವೇ ಇಲ್ಲದವರ ಬೆನ್ನಿನ ಚಿತ್ರ

1934ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯರಾದ ವಿಲಿಯಂ ಜೇಸನ್ ಮಿಕ್ಸ್ಟರ್ ಮತ್ತು ಜೋಸೆಫ್ ಬಾರ್, ಅದುವರೆಗೆ ಗೆಡ್ಡೆ ಎಂದುಕೊಂಡು ತೆಗೆಯುತ್ತಿದ್ದ ಎಷ್ಟೋ ತುಣುಕುಗಳು ಡಿಸ್ಕಿನವೇ ಎಂದು ತೋರಿಸಿದರು. ಸಯಾಟಿಕಾದ ಮುಖ್ಯ ಕಾರಣ ಸಿಕ್ಕಿತು. ಜೊತೆಗೆ, ಬೆನ್ನು ನೋಯುವವರ ಡಿಸ್ಕಿನಲ್ಲಿ ಏನಾದರೂ ಕಂಡರೆ ಅದೇ ಕಾರಣ ಎಂಬ ನಂಬಿಕೆಯೂ ಬೆಳೆಯಿತು.

ಎಂಆರ್‌ಐ ಬಂದ ಮೇಲೆ ಒಂದು ಸರಳ ಪ್ರಶ್ನೆ ಕೇಳುವುದು ಸಾಧ್ಯವಾಯಿತು: ನೋವೇ ಇಲ್ಲದವರ ಡಿಸ್ಕ್ ಹೇಗಿರುತ್ತದೆ? ಅಮೆರಿಕದಲ್ಲಿ ಬೆನ್ನುನೋವಿಲ್ಲದ 98 ಮಂದಿಯನ್ನು ಸ್ಕ್ಯಾನ್ ಮಾಡಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 52 ಮಂದಿಗೆ ಕನಿಷ್ಠ ಒಂದು ಕಡೆ ಬಲ್ಜ್ ಇತ್ತು, ಶೇ 27 ಮಂದಿಗೆ ಪ್ರೊಟ್ರೂಷನ್. ಎಕ್ಸ್‌ಟ್ರೂಷನ್ ಮಾತ್ರ ಶೇ 1. ಮುಂದೆ 2015ರಲ್ಲಿ ಇಂಥ 33 ಅಧ್ಯಯನಗಳ 3,110 ಮಂದಿಯ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ನೋವಿಲ್ಲದ 20 ವರ್ಷದವರಲ್ಲೂ ಶೇ 37ರಷ್ಟು ಮಂದಿಯ ಡಿಸ್ಕಿನಲ್ಲಿ ಸವೆತವಿತ್ತು. 80 ವರ್ಷದವರಲ್ಲಿ ಅದು ಶೇ 96. ಬಲ್ಜ್ ಇದ್ದವರು ಶೇ 30ರಿಂದ ಶೇ 84ಕ್ಕೆ ಏರಿದರು.

ಎಂದರೆ ಐವತ್ತು ದಾಟಿದವರ ವರದಿಯಲ್ಲಿ ಡೆಸಿಕೇಶನ್, ಬಲ್ಜ್ ಎಂದಿದ್ದರೆ ಅದು ತಲೆಗೂದಲು ನರೆತಿದೆ ಎಂದು ಬರೆದಷ್ಟೇ ಸುದ್ದಿ. ಎಕ್ಸ್‌ಟ್ರೂಷನ್ ಹಾಗಲ್ಲ, ನೋವಿಲ್ಲದವರಲ್ಲಿ ಅದು ತೀರಾ ಕಡಿಮೆ. ಅಪಾಯದ ಲಕ್ಷಣಗಳಿಲ್ಲದಿದ್ದರೆ ಮೊದಲ ಆರು ವಾರ ಸ್ಕ್ಯಾನ್ ಬೇಡ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುವುದಕ್ಕೆ ಕಾರಣ ಇದು. ಸ್ಕ್ಯಾನಿನಲ್ಲಿ ಏನೋ ಒಂದು ಕಂಡೇ ಕಾಣುತ್ತದೆ, ಆಮೇಲೆ ಅದನ್ನು ಕಾಣದಂತೆ ಇರುವುದು ಕಷ್ಟ.

ಭಾರ ಎತ್ತಿದ್ದೇ ಕಾರಣವೇ?

ಭಾರ ಎತ್ತುವಾಗ ಡಿಸ್ಕಿನೊಳಗೆ ಒತ್ತಡ ಏರುವುದಂತೂ ಖಚಿತ. 1999ರಲ್ಲಿ ಜರ್ಮನಿಯ ಉಲ್ಮ್ ನಗರದ ಸಂಶೋಧಕರು ಒಬ್ಬ ಸ್ವಯಂಸೇವಕನ ಎಲ್‌4–ಎಲ್‌5 ಡಿಸ್ಕಿನೊಳಗೆ ಸಣ್ಣ ಒತ್ತಡಮಾಪಕ ಇಟ್ಟು ಅಳೆದರು. ಮಲಗಿದಾಗ 0.1 ಮೆಗಾಪ್ಯಾಸ್ಕಲ್, ನಿಂತಾಗ 0.5. ಬೆನ್ನು ಬಗ್ಗಿಸಿ 20 ಕಿಲೋ ಎತ್ತಿದಾಗ 2.3ಕ್ಕೆ ಜಿಗಿಯಿತು. ಮೊಣಕಾಲು ಮಡಚಿ ಎತ್ತಿದಾಗ 1.7, ಅದೇ ಭಾರವನ್ನು ಮೈಗೆ ಹತ್ತಿರ ಹಿಡಿದಾಗ 1.1. ಗ್ಯಾಸ್ ಸಿಲಿಂಡರ್ ಆಗಲಿ, ನೀರಿನ ಕ್ಯಾನ್ ಆಗಲಿ ಎದೆಗೆ ಹತ್ತಿರವಿಟ್ಟುಕೊಂಡು ಎತ್ತಿರಿ ಎನ್ನುವುದರ ಹಿಂದಿನ ಲೆಕ್ಕ ಇದೇ. ಕೂತಾಗಿನ ಒತ್ತಡ ನಿಂತಾಗಿಗಿಂತ ಹೆಚ್ಚು ಎಂದು ಸ್ವೀಡನ್ನಿನ ಆಲ್ಫ್ ನ್ಯಾಕೆಮ್ಸನ್ 1960ರ ದಶಕದ ಅಳತೆಗಳಿಂದ ಹೇಳಿದ್ದರು. ಉಲ್ಮ್ ಅಳತೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬಂತು. 'ಕೂರುವುದೇ ವಿಷ' ಎಂಬ ಮಾತನ್ನು ಡಿಸ್ಕಿನ ಮಟ್ಟಿಗೆ ಸ್ವಲ್ಪ ಸಾವಕಾಶವಾಗಿ ನಂಬುವುದು ಒಳ್ಳೆಯದು.

ಆದರೆ ಒತ್ತಡ ಏರಿದ್ದರಿಂದಲೇ ಸವೆತ ಬಂತು ಎಂದು ಹೇಳಲಾಗದು. ಫಿನ್ಲೆಂಡಿನ ಅವಳಿಗಳ ಮೇಲೆ ನಡೆದ ದೀರ್ಘ ಅಧ್ಯಯನಗಳು ಇಲ್ಲಿ ಕಣ್ಣು ತೆರೆಸಿದವು. ಒಂದೇ ಜೀನ್ ಹಂಚಿಕೊಂಡ ಇಬ್ಬರಲ್ಲಿ ಒಬ್ಬ ವೃತ್ತಿಯಲ್ಲಿ ಚಾಲಕ, ಇನ್ನೊಬ್ಬ ಅಲ್ಲ. ಒಬ್ಬನದು ಭಾರದ ಕೆಲಸ, ಇನ್ನೊಬ್ಬನದು ಕುರ್ಚಿಯ ಕೆಲಸ. ಡಿಸ್ಕ್‌ಗಳು ಮಾತ್ರ ಅಚ್ಚರಿಯಾಗುವಷ್ಟು ಒಂದೇ ರೀತಿ ಸವೆದಿದ್ದವು. ಸವೆತದ ದೊಡ್ಡ ಪಾಲು ಹುಟ್ಟಿನಿಂದ ಬಂದದ್ದು, ದುಡಿಮೆಯ ಪಾಲು ಇದೆ, ಆದರೆ ಅಂದುಕೊಂಡಷ್ಟಿಲ್ಲ. ತಟ್ಟೆಗಳ ಸುತ್ತಲಿನ ಸಣ್ಣ ರಕ್ತನಾಳಗಳನ್ನು ಹಾಳುಗೆಡಹುವ ಧೂಮಪಾನ, ಅತಿತೂಕ ಇವೂ ಸೇರುತ್ತವೆ. ಎಪಿಎಂಸಿಯಲ್ಲಿ ದಿನವಿಡೀ 50 ಕಿಲೋ ಮೂಟೆ ಹೊರುವ ಹಮಾಲಿಗೆ ಭಾರ ಲೆಕ್ಕಕ್ಕಿಲ್ಲ ಎಂದು ಇದರ ಅರ್ಥವಲ್ಲ. ನೋವು ಕೆರಳುವುದರಲ್ಲಿ, ಕೆಲಸಕ್ಕೆ ಮರಳಲಾಗದಿರುವುದರಲ್ಲಿ ಭಾರದ ಪಾತ್ರ ದೊಡ್ಡದೇ. ಮನೆಯಲ್ಲಿ ಒಂದು ಸಲ ಬಕೆಟ್ ಎತ್ತಿದ್ದಕ್ಕೆ 'ಡಿಸ್ಕ್ ಹೋಯಿತು' ಎಂದು ಜೀವಮಾನವಿಡೀ ಹಳಹಳಿಸುವವರು ಮಾತ್ರ ಆ ಬಕೆಟನ್ನು ಕ್ಷಮಿಸಬಹುದು.

ವಯಸ್ಸಿನ ಲೆಕ್ಕವೂ ವಿಚಿತ್ರ. ತಿರುಳು ಹೊರಚಾಚುವುದು ಹೆಚ್ಚಾಗಿ ಮೂವತ್ತರಿಂದ ಐವತ್ತರ ನಡುವೆ. ಆಗ ಉಂಗುರ ಬಿರಿಯಲು ತೊಡಗಿರುತ್ತದೆ, ಆದರೆ ತಿರುಳು ಇನ್ನೂ ಒತ್ತಡದಿಂದ ನುಗ್ಗುವಷ್ಟು ಹಸಿಯಾಗಿರುತ್ತದೆ. ಎಪ್ಪತ್ತರಲ್ಲಿ ನುಗ್ಗಲು ತಿರುಳೇ ಉಳಿದಿರುವುದಿಲ್ಲ. ಆ ವಯಸ್ಸಿನ ಸಮಸ್ಯೆ ಬೇರೆ: ಡಿಸ್ಕ್ ಕುಗ್ಗಿ, ಲಿಗಮೆಂಟು ದಪ್ಪವಾಗಿ, ಕೀಲುಗಳಲ್ಲಿ ಮೂಳೆ ಬೆಳೆದು ನರನಾಳವೇ ಕಿರಿದಾಗುತ್ತದೆ. ಇದು ಸ್ಟೆನೋಸಿಸ್. ಸ್ವಲ್ಪ ದೂರ ನಡೆದರೆ ಎರಡೂ ಕಾಲು ಭಾರವಾಗಿ ಸೋಲುತ್ತವೆ, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಹಗುರ. ನಡೆಯಲಾಗದ ಹಿರಿಯರು ಸೈಕಲ್ಲನ್ನು ಆರಾಮಾಗಿ ತುಳಿಯುವುದನ್ನು ನೋಡಿ ಮನೆಯವರು ನಾಟಕ ಎಂದುಕೊಳ್ಳುವುದುಂಟು. ಮುಂದೆ ಬಾಗಿದಾಗ ನರನಾಳ ಸ್ವಲ್ಪ ಅಗಲವಾಗುತ್ತದೆ, ಅಷ್ಟೇ.

ದೇಹವೇ ಕರಗಿಸುವ ತುಣುಕು

ಹೊರಬಂದ ತಿರುಳು ಅಲ್ಲೇ ಶಾಶ್ವತವಾಗಿ ಇರುವುದಿಲ್ಲ. ನರನಾಳದಲ್ಲಿ ರಕ್ತಸಂಚಾರವಿದೆ. ಜೀವಮಾನವಿಡೀ ರಕ್ತದ ಸಂಪರ್ಕವಿಲ್ಲದ ತಿರುಳು ಅಲ್ಲಿಗೆ ಬಿದ್ದಾಗ ದೇಹದ ರಕ್ಷಣಾ ಕೋಶಗಳು ಅದನ್ನು ಹೊರಗಿನ ವಸ್ತುವೆಂದು ಎಣಿಸಿ ಮುತ್ತಿಕೊಂಡು ಕರಗಿಸುತ್ತವೆ. ಹಾಗಾಗಿ ವರದಿಯಲ್ಲಿ ಅತಿ ಭಯಂಕರವಾಗಿ ಕಾಣುವುದೇ ಹೆಚ್ಚು ಸಲ ಮಾಯವಾಗುತ್ತದೆ. ಹಲವು ಅಧ್ಯಯನಗಳನ್ನು ಕೂಡಿಸಿದ 2015ರ ವಿಶ್ಲೇಷಣೆಯೊಂದರ ಪ್ರಕಾರ, ಶಸ್ತ್ರಚಿಕಿತ್ಸೆಯಿಲ್ಲದೆ ಕುಗ್ಗಿದ ಪ್ರಮಾಣ ಸೀಕ್ವೆಸ್ಟ್ರೇಶನ್‌ನಲ್ಲಿ ಶೇ 96, ಎಕ್ಸ್‌ಟ್ರೂಷನ್‌ನಲ್ಲಿ ಶೇ 70, ಪ್ರೊಟ್ರೂಷನ್‌ನಲ್ಲಿ ಶೇ 41. ಬಲ್ಜ್‌ನಲ್ಲಿ ಬರೀ ಶೇ 13. ಉಂಗುರದೊಳಗೇ ಇರುವ ಉಬ್ಬು ರಕ್ಷಣಾ ಕೋಶಗಳ ಕಣ್ಣಿಗೆ ಬೀಳುವುದಿಲ್ಲ.

ಸಯಾಟಿಕಾ ಬಂದವರಲ್ಲಿ ಬಹುಪಾಲು ಮಂದಿಗೆ ಆರರಿಂದ ಹನ್ನೆರಡು ವಾರಗಳಲ್ಲಿ ಗಣನೀಯ ಆರಾಮ ಸಿಗುತ್ತದೆ. ಆ ಅವಧಿಯನ್ನು ಕಳೆಯುವುದೇ ದೊಡ್ಡ ಕೆಲಸ.

ಆ ವಾರಗಳನ್ನು ಕಳೆಯುವುದು

ಹಿಂದೆ ಮೂರು ವಾರ ಗಟ್ಟಿ ಹಾಸಿಗೆಯಲ್ಲಿ ಮಲಗಿಸುತ್ತಿದ್ದರು. ಹಾಸಿಗೆ ಹಿಡಿದವರು ಬೇಗ ಗುಣವಾಗುವುದಿಲ್ಲ ಎಂದು ಪ್ರಯೋಗಗಳು ತೋರಿಸಿವೆ. ನೋವು ವಿಪರೀತವಿದ್ದಾಗ ಒಂದೆರಡು ದಿನ ವಿಶ್ರಾಂತಿ ಸರಿ. ಆಮೇಲೆ ಸಹಿಸುವಷ್ಟು ನಡೆಯಬೇಕು, ಒಂದೇ ಭಂಗಿಯಲ್ಲಿ ಹೆಚ್ಚು ಹೊತ್ತು ಇರಬಾರದು, ಭಾರ ಎತ್ತುವುದನ್ನು ಮುಂದೂಡಬೇಕು. ಸೊಂಟದ ಬೆಲ್ಟನ್ನು ಪ್ರಯಾಣಕ್ಕೋ ಕೆಲಸಕ್ಕೋ ಕೆಲವು ದಿನ ಕಟ್ಟಿಕೊಂಡರೆ ತೊಂದರೆಯಿಲ್ಲ. ತಿಂಗಳುಗಟ್ಟಲೆ ಅದರ ಮೇಲೆ ಭಾರ ಹಾಕಿದರೆ ಸ್ನಾಯುಗಳು ಸೋಮಾರಿಯಾಗುತ್ತವೆ. ಟ್ರ್ಯಾಕ್ಷನ್, ಎಂದರೆ ತೂಕ ಕಟ್ಟಿ ಎಳೆಯುವುದು, ಹೆಚ್ಚಿನ ಲಾಭ ಕೊಡುತ್ತದೆ ಎಂಬುದಕ್ಕೆ ಪುರಾವೆ ದುರ್ಬಲ.

ಉರಿಯೂತ ಇಳಿಸುವ ನೋವಿನ ಮಾತ್ರೆಗಳು ಸ್ವಲ್ಪ ದಿನಕ್ಕೆ ಸಹಾಯಕ, ಮೂತ್ರಪಿಂಡ, ಹೊಟ್ಟೆಹುಣ್ಣು, ಹೃದಯದ ತೊಂದರೆ ಇರುವವರಿಗೆ ಅಪಾಯ. ನಮ್ಮಲ್ಲಿ ಸಯಾಟಿಕಾಕ್ಕೆ ಧಾರಾಳವಾಗಿ ಬರೆದುಕೊಡುವ ಪ್ರಿಗ್ಯಾಬಲಿನ್, 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಹುಸಿಮಾತ್ರೆಗಿಂತ ಉತ್ತಮ ಫಲ ಕೊಡಲಿಲ್ಲ; ತಲೆಸುತ್ತು ಮಾತ್ರ ಹೆಚ್ಚಾಗಿ ಕಂಡಿತು. ಅದನ್ನು ಈಗಾಗಲೇ ತೆಗೆದುಕೊಳ್ಳುತ್ತಿರುವವರು ಥಟ್ಟನೆ ಬಿಡಬಾರದು, ವೈದ್ಯರನ್ನು ಕೇಳಿ ಇಳಿಸಬೇಕು. ನರದ ಬೇರಿನ ಬಳಿ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರಗಳ ಉಪಶಮನಕ್ಕೆ, ಡಿಸ್ಕನ್ನು ಸರಿಪಡಿಸಲು ಅಲ್ಲ. ನೋವು ಇಳಿಯುತ್ತಿದ್ದಂತೆ ಫಿಸಿಯೋಥೆರಪಿಸ್ಟ್ ಹೇಳಿಕೊಡುವ ವ್ಯಾಯಾಮ ಬೇಕು. ಯಾವ ಬಗೆಯ ವ್ಯಾಯಾಮ ಎಂಬುದಕ್ಕಿಂತ ಬಿಡದೆ ಮಾಡುವುದು ಮುಖ್ಯ. ಯೋಗ ಮಾಡುವವರು ಕಾಲಿನ ನೋವು ಇರುವಷ್ಟು ದಿನ ಪಶ್ಚಿಮೋತ್ತಾನಾಸನದಂಥ ಪೂರ್ತಿ ಮುಂಬಾಗುವ ಆಸನಗಳನ್ನು ಬದಿಗಿಡುವುದು ಲೇಸು.

ಶಸ್ತ್ರಚಿಕಿತ್ಸೆ ಯಾರಿಗೆ

ಸಾಮಾನ್ಯವಾಗಿ ಮಾಡುವುದು ಮೈಕ್ರೋಡಿಸೆಕ್ಟಮಿ. ಸಣ್ಣ ಗಾಯದ ಮೂಲಕ ನರವನ್ನು ಒತ್ತುತ್ತಿರುವ ತುಣುಕನ್ನಷ್ಟೇ ತೆಗೆಯುತ್ತಾರೆ. ಡಿಸ್ಕ್ ಅಲ್ಲೇ ಉಳಿಯುತ್ತದೆ, ಅದರ ಸವೆತವೂ ಉಳಿಯುತ್ತದೆ. ಅದೇ ಜಾಗದಲ್ಲಿ ಮತ್ತೆ ಹೊರಚಾಚುವ ಸಾಧ್ಯತೆ ಸಣ್ಣದಾದರೂ ಇದ್ದೇ ಇದೆ. ಈ ಚಿಕಿತ್ಸೆ ಕಾಲಿನ ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಬರೀ ಸೊಂಟನೋವಿಗೆ ಮಾಡಿಸಿಕೊಂಡವರು ನಿರಾಶರಾಗುವುದೇ ಹೆಚ್ಚು.

ಮಾಡಿಸಬೇಕೇ ಕಾಯಬೇಕೇ ಎಂಬ ಪ್ರಶ್ನೆಗೆ ನೆದರ್ಲೆಂಡ್ಸ್‌ನ ಪ್ರಯೋಗವೊಂದು (2007) ಒಳ್ಳೆಯ ಬೆಳಕು ಚೆಲ್ಲುತ್ತದೆ. ಆರರಿಂದ ಹನ್ನೆರಡು ವಾರ ತೀವ್ರ ಸಯಾಟಿಕಾ ಅನುಭವಿಸಿದ 283 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಕಾಯುವುದು, ತಾಳಲಾಗದಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ. ಬೇಗ ಮಾಡಿಸಿಕೊಂಡವರಿಗೆ ಆರಾಮ ಬೇಗ ಸಿಕ್ಕಿತು. ಕಾದವರಲ್ಲಿ ಶೇ 39 ಮಂದಿ ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಬಂದರು, ಉಳಿದವರಿಗೆ ಬೇಕಾಗಲೇ ಇಲ್ಲ. ವರ್ಷದ ಕೊನೆಗೆ ಎರಡೂ ಗುಂಪುಗಳಲ್ಲಿ ಶೇ 95ರಷ್ಟು ಮಂದಿ ಚೇತರಿಸಿಕೊಂಡಿದ್ದರು. ನರಕ್ಕೆ ಬಲಹೀನತೆ ಇಲ್ಲದಿರುವಾಗ ನಿರ್ಧಾರ ರೋಗಿಯದು: ಎಷ್ಟು ನೋವನ್ನು ಎಷ್ಟು ದಿನ ಸಹಿಸಬಲ್ಲೆ, ಕೆಲಸಕ್ಕೆ ಎಷ್ಟು ದಿನ ರಜೆ ಸಿಗುತ್ತದೆ ಎಂಬುದರ ಮೇಲೆ.

ಕಾಯಬಾರದ ಲಕ್ಷಣಗಳು

ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಗುದದ್ವಾರ ಮತ್ತು ತೊಡೆಸಂದಿನ ಸುತ್ತ ಸ್ಪರ್ಶವೇ ತಿಳಿಯದಿದ್ದರೆ, ಎರಡೂ ಕಾಲುಗಳಲ್ಲಿ ಬಲ ಇಳಿಯುತ್ತಿದ್ದರೆ ಅದೇ ದಿನ, ರಾತ್ರಿಯಾಗಿದ್ದರೂ, ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಬಲ್ಲ ಆಸ್ಪತ್ರೆಗೆ ಹೋಗಬೇಕು. ದೊಡ್ಡ ತುಣುಕೊಂದು ನರಗಳ ಇಡೀ ಗೊಂಚಲನ್ನೇ ಒತ್ತಿದಾಗ ಹೀಗಾಗುತ್ತದೆ. ವೈದ್ಯರು ಇದನ್ನು ಕಾಡಾ ಈಕ್ವೈನಾ ಸಿಂಡ್ರೋಮ್ ಎನ್ನುತ್ತಾರೆ. ಇದು ಅಪರೂಪ, ಆದರೆ ತಡವಾದರೆ ಮೂತ್ರದ ಹಿಡಿತ ಮರಳಿ ಬಾರದೇ ಇರಬಹುದು. ನಾಚಿಕೆಯಿಂದ ಈ ಲಕ್ಷಣಗಳನ್ನು ಹೇಳದೆ ಮುಚ್ಚಿಡುವವರೇ ಹೆಚ್ಚು. ಕೇಳಬೇಕಾದವರು ಮನೆಯವರು. ಪಾದ ಮೇಲೆತ್ತಲಾಗದೆ ನಡೆಯುವಾಗ ಚಪ್ಪಲಿ ಜಾರಿ ಬೀಳುತ್ತಿದ್ದರೂ ಬೇಗ ತೋರಿಸಬೇಕು.

ಜ್ವರ, ತೂಕ ಇಳಿಕೆ, ಮಲಗಿದರೂ ಬಿಡದ ರಾತ್ರಿನೋವು ಇದ್ದರೆ ಡಿಸ್ಕಿನ ಸವೆತ ಎಂದುಕೊಂಡು ಸುಮ್ಮನಿರಬಾರದು. ಭಾರತದಲ್ಲಿ ಕ್ಷಯರೋಗ ಬೆನ್ನೆಲುಬನ್ನೂ ಹಿಡಿಯುತ್ತದೆ, ಡಿಸ್ಕನ್ನೂ ಅಕ್ಕಪಕ್ಕದ ಮೂಳೆಗಳನ್ನೂ ತಿನ್ನುತ್ತದೆ. ಹಿಂದೆ ಕ್ಯಾನ್ಸರ್ ಆಗಿದ್ದವರು, ಸ್ಟೀರಾಯ್ಡ್ ಬಹುಕಾಲ ತೆಗೆದುಕೊಂಡವರು, ಬಿದ್ದು ಪೆಟ್ಟಾದ ಹಿರಿಯರು ಕೂಡ ಬೇಗ ಪರೀಕ್ಷೆ ಮಾಡಿಸಬೇಕು. ಇಪ್ಪತ್ತರ ಹರೆಯದವರಿಗೆ ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಸೊಂಟ ಬಿಗಿದಿದ್ದು ಓಡಾಡಿದಂತೆ ಸಡಿಲವಾಗುತ್ತಿದ್ದರೆ ಅದು ಕೀಲುವಾತದ ಒಂದು ಬಗೆಯಾಗಿರಬಹುದು. ಅದರ ಚಿಕಿತ್ಸೆ ಬೇರೆಯೇ.

ಕುತ್ತಿಗೆಯ ಮಾತು ಬೇರೆ

ಕುತ್ತಿಗೆಯ ಡಿಸ್ಕ್ ಹೊರಚಾಚಿದರೆ ನೋವು ತೋಳಿಗೆ, ಬೆರಳುಗಳಿಗೆ ಇಳಿಯುತ್ತದೆ. ಸಿ5–ಸಿ6, ಸಿ6–ಸಿ7 ಇಲ್ಲಿನ ಸಾಮಾನ್ಯ ಜಾಗಗಳು. ಇದೂ ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಹಿಂದೆ ಇರುವುದು ಬರೀ ಬೇರುಗಳಲ್ಲ, ಬೆನ್ನುಹುರಿಯೇ. ಅದು ಒತ್ತಿಹೋದರೆ ನೋವು ಹೆಚ್ಚಿರಲೇಬೇಕೆಂದಿಲ್ಲ. ಅಂಗಿಯ ಗುಂಡಿ ಹಾಕಲು ತಡಕಾಡುವುದು, ಅಕ್ಷರ ಕೆಡುವುದು, ನಡಿಗೆಯಲ್ಲಿ ತೂರಾಡುವುದು, ಕಾಲು ಬಿಗಿಯುವುದು, ಇವು ನಿಧಾನವಾಗಿ ಸೇರಿಕೊಳ್ಳುತ್ತವೆ. ವಯಸ್ಸಾಯಿತು ಎಂದು ಮನೆಯವರು ಸುಮ್ಮನಾಗುತ್ತಾರೆ. ಹುರಿಗೆ ಆದ ಹಾನಿ ಪೂರ್ತಿ ಹಿಂದಕ್ಕೆ ಬರುವುದು ಕಷ್ಟ, ಮುಂದುವರಿಯದಂತೆ ತಡೆಯುವುದೇ ಶಸ್ತ್ರಚಿಕಿತ್ಸೆಯ ಗುರಿಯಾಗಿರುತ್ತದೆ. ಇಂಥ ಲಕ್ಷಣವಿರುವವರು ಕ್ಷೌರದಂಗಡಿಯಲ್ಲಿ ತಲೆ ಹಿಡಿದು ಕುತ್ತಿಗೆಯನ್ನು ಲಟಕ್ಕನೆ ತಿರುಗಿಸಲು ಬಂದರೆ ಮೊದಲೇ ಬೇಡವೆನ್ನಬೇಕು.